ಕೊಡೆ ಕಳ್ಳನ ಪಾಠ

ತಾವು ಹೆತ್ತ ಜೋಕು ಇನ್ನೊಬ್ಬನ ಮನೆಯಲ್ಲಿ ಬೆಳೆದು, ಇನ್ನೊಬ್ಬನನ್ನೇ ಅಪ್ಪ ಎಂದು ಕರೆಯುವುದನ್ನು ದಿನವೂ ಕೂತು ನೋಡುವ ಸಂಕಟಕ್ಕೆ ಯಾವ ಕಾನೂನಿನ ಪುಸ್ತಕದಲ್ಲೂ ಪರಿಹಾರವಿಲ್ಲ. ಸುಣ್ಣದ ಮೇಷ್ಟರಿಗೆ ಇದು ಖಚಿತವಾಗಿ ಗೊತ್ತಿತ್ತು. ಕಾನೂನು ಕಾಲೇಜಿನಲ್ಲಿ ಅವರು ಸಾಕ್ಷ್ಯದ ಕಾನೂನು ಕಲಿಸುತ್ತಿದ್ದರು. ಕಲಿಸುತ್ತಿದ್ದರು, ಅಷ್ಟೇ, ಈಗ ಇಲ್ಲ.

ಜೋಕು ಹೀಗಿದೆ. ಕ್ಷೌರದಂಗಡಿಯ ಮುಂದೆ ಒರಗಿಸಿಟ್ಟಿದ್ದ ಕೊಡೆಯೊಂದು ಮಳೆಯ ದಿನ ಕಳವಾಗುತ್ತದೆ. ಐದು ಜನ ಸಾಕ್ಷಿಗಳು ಬಂದು, ಕೊಡೆ ಬಿಚ್ಚಿಕೊಂಡು ಓಡಿದ್ದು ಇವನೇ ಎಂದು ಒಬ್ಬನತ್ತ ಬೆರಳು ತೋರಿಸುತ್ತಾರೆ. ವಕೀಲರು ಬೆಳಕೆಷ್ಟಿತ್ತು, ದೂರವೆಷ್ಟಿತ್ತು, ಕೊಡೆಯ ಬಣ್ಣ ಯಾವುದು ಎಂದು ದಿನಗಟ್ಟಲೆ ವಾದಿಸುತ್ತಾರೆ. ಕೊನೆಗೆ ಬೇಸತ್ತ ನ್ಯಾಯಾಧೀಶರು, "ಎಲ್ಲಿ, ಒಂದ್ಸಲ ಕೊಡೆ ಬಿಚ್ಚಿ ತೋರಿಸಯ್ಯಾ" ಎನ್ನುತ್ತಾರೆ. ಕಟಕಟೆಯ ಹಲಗೆಯ ಹಿಂದೆ ನಿಂತಿದ್ದವನು ಕೈಗಳನ್ನು ಮೇಲೆತ್ತುತ್ತಾನೆ. ಎರಡಕ್ಕೂ ಮೊಣಕೈವರೆಗೆ ಪ್ಲಾಸ್ಟರು, ಅದೂ ಕಳವಿಗೆ ಮುಂಚೆಯೇ ಹಾಕಿಸಿದ್ದು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರೆ, "ಯಾರೂ ಕೇಳಲಿಲ್ಲ ಸ್ವಾಮಿ" ಎನ್ನುತ್ತಾನೆ.

ನಗು ಅಡಗುವ ಹೊತ್ತಿಗೆ ಮೇಷ್ಟರು ಕಪ್ಪುಹಲಗೆಗೆ ತಿರುಗಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು: ಮಾಡಿದನೇ ಎಂದು ಕೇಳುವ ಮೊದಲು, ಮಾಡಲು ಆಗುತ್ತಿತ್ತೇ ಎಂದು ಕೇಳು. ಬರೆದು ತಿರುಗುವಷ್ಟರಲ್ಲಿ ಅಂಗಿಯ ತೋಳು, ಮೂಗಿನ ತುದಿ, ಕನ್ನಡಕ ಎಲ್ಲಕ್ಕೂ ಸೀಮೆಸುಣ್ಣ. ಆ ಹೆಸರು ಬಂದದ್ದು ಹಾಗೆ. ವಕೀಲರಾದ ಹಳೆಯ ವಿದ್ಯಾರ್ಥಿಗಳು ಬಸ್ಸಿನಲ್ಲೋ ಅಂಗಡಿಯಲ್ಲೋ ಸಿಕ್ಕರೆ, "ಸಾರ್, ನಮ್ಮ ಕೊಡೆ ಕಳ್ಳ ಹೇಗಿದಾನೆ?" ಎಂದು ವಿಚಾರಿಸುತ್ತಿದ್ದರು. ಆಗೆಲ್ಲ ಮೇಷ್ಟರಿಗೆ ಇಡೀ ಬದುಕು ಸಾರ್ಥಕ ಅನ್ನಿಸುತ್ತಿತ್ತು.

ಈಗ ಆ ಕತೆಯನ್ನು ಕಂಚು ಹೇಳುತ್ತಾನೆ, ಗೋಡೆಯ ಮೇಲಿನ ಪರದೆಯಲ್ಲಿ. ಕಂಚು ಎಂದರೆ ವಿಭಾಗದ ಮುಖ್ಯಸ್ಥ. ಅವನ ಕಂಚಿನ ಕಂಠಕ್ಕೆ ಹುಡುಗರು ಇಟ್ಟ ಹೆಸರು. ಮೇಷ್ಟರಿಗಿಂತ ಚಿಕ್ಕವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಾಠ ಹೇಳುವುದು ಹೇಗೆಂದು ಕಲಿಯಲು ಮೇಷ್ಟರ ತರಗತಿಯ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಿದ್ದವನು. ಕಲಿತ, ಮೇಲೆ ಹತ್ತಿದ, ಹತ್ತಿದ ಮೇಲೆ ಏಣಿಯನ್ನು ಒದ್ದ. ಹೋದ ವರ್ಷ ಇದ್ದಕ್ಕಿದ್ದಂತೆ, ವಿಭಾಗದ ಎಲ್ಲ ವಿಷಯಗಳ ಪಾಠವನ್ನೂ ತಾನೊಬ್ಬನೇ ವಿಡಿಯೋ ಮಾಡಿಕೊಡುತ್ತೇನೆ, ಇನ್ನು ಮುಂದೆ ತರಗತಿಗಳಲ್ಲಿ ಅದನ್ನೇ ಹಾಕಿದರಾಯಿತು ಎಂದ. ಪ್ರಿನ್ಸಿಪಾಲ್ ಮೇಡಂ ಒಂದು ಮಾತೂ ಎದುರಾಡದೆ ಒಪ್ಪಿಬಿಟ್ಟರು. ಸಾಕ್ಷ್ಯದ ಕಾನೂನನ್ನೂ ಅವನೇ ಹೇಳಿದ. ಕೊಡೆ ಕಳ್ಳನನ್ನೂ ಅವನೇ ಹೊತ್ತುಕೊಂಡು ಹೋದ.

ಸಾಲದ್ದಕ್ಕೆ, ಕ್ಯಾಮೆರಾ ಹಿಡಿಯಲು ಮೇಷ್ಟರನ್ನೇ ಕೇಳಿದ್ದ. ಪ್ರಾಯದಲ್ಲಿ ಭಾವನ ಕ್ಯಾಸೆಟ್ ಅಂಗಡಿಯಲ್ಲಿ ಟೇಪು ಕತ್ತರಿಸಿ ಅಂಟಿಸಿ ಪಳಗಿದ ಕೈ ಅವರದು ಎಂದು ಅವನಿಗೆ ಗೊತ್ತಿತ್ತು. "ಬೇರೆಯವರು ಪಾಠ ಅರ್ಥ ಆಗದೆ ಎಲ್ಲೆಲ್ಲೋ ಕತ್ತರಿಸ್ತಾರೆ. ನೀವೇ ಇರಬೇಕು ಸರ್" ಎಂದಿದ್ದ. ಹೇಳಿದ ರೀತಿಯಲ್ಲಿ ಗೌರವವಿತ್ತು. ಬೂಟನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಹೊಡೆದರೂ ಏಟು ಏಟೇ ಎಂದುಕೊಂಡರು ಮೇಷ್ಟರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಅವರ ಪಾಲಿಗೆ ಎರಡು ಕಣ್ಣಿಗೂ ಸುಣ್ಣವೇ ಬಂತು.

ಹೀಗೆ ಒಂದು ವರ್ಷ ಕಂಚು ರೆಕಾರ್ಡಿಂಗ್ ರೂಮಿನ ಗಾಜಿನ ಆಚೆ ನಿಂತು ಪಾಠ ಹೇಳಿದ, ಮೇಷ್ಟರು ಈಚೆ ಕೂತು ಅದನ್ನು ತೊಳೆದರು. ತೊಳೆಯುವುದು ಎಂದರೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ತಡವರಿಕೆ, ಪುನರುಕ್ತಿ, ಕೆಮ್ಮು ಎಲ್ಲವನ್ನೂ ಹೆಕ್ಕಿ ತೆಗೆಯುವುದು. ಕೆಮ್ಮಂತೂ ಹೇಳತೀರದು. ಮೊದಮೊದಲು ಅಪರೂಪಕ್ಕೊಂದು, ಆಮೇಲೆ ವಾಕ್ಯಕ್ಕೊಂದು. ನೀರು ಕುಡಿಯುವುದು, ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ ಮೊದಲಿಂದ ಶುರುಮಾಡುವುದು. ದೊಡ್ಡ ನಟನ ಸೋಗು ಎಂದು ಮೇಷ್ಟರು ಹಲ್ಲು ಕಚ್ಚಿಕೊಂಡು ಕತ್ತರಿಸುತ್ತಿದ್ದರು. ಕತ್ತರಿಸಿದ್ದನ್ನೆಲ್ಲ ಕಂಪ್ಯೂಟರಿನ ಒಂದು ಮೂಲೆಯಲ್ಲಿ 'ಕಸ' ಎಂಬ ಹೆಸರಿಟ್ಟು ಸುರಿದಿದ್ದರು. ಪರದೆಯ ಮೇಲೆ ಕಂಚಿನ ಮಾತು ಹೊಳೆಯಂತೆ ಹರಿಯುತ್ತಿದ್ದರೆ ಅದು ಮೇಷ್ಟರ ಕೈಯ ಕೆಲಸ. ಅದನ್ನೂ ಯಾರೂ ಕೇಳಲಿಲ್ಲ.

ರಜೆ ಮುಗಿದು ಹೊಸ ವರ್ಷದ ತರಗತಿಗಳು ಶುರುವಾದಾಗ ಮೇಷ್ಟರ ಕೆಲಸ ಇನ್ನೂ ಸಣ್ಣದಾಯಿತು. ತರಗತಿಗೆ ಹೋಗುವುದು, ಹಾಜರಿ ಹಾಕುವುದು, ದೀಪ ಆರಿಸುವುದು, ವಿಡಿಯೋ ಹಚ್ಚುವುದು. ಮೊದಲ ವಾರದಲ್ಲೇ ಕೊಡೆ ಕಳ್ಳ ಬಂದ. ಕಂಚು ಎರಡೂ ಕೈಯೆತ್ತಿ "ಯಾರೂ ಕೇಳಲಿಲ್ಲ ಸ್ವಾಮಿ" ಎಂದ. ತರಗತಿ ಬಿದ್ದು ಬಿದ್ದು ನಕ್ಕಿತು. ದೀಪ ಹಾಕಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ, "ಏನ್ ಕತೆ ಹೇಳ್ತಾರೆ ಅಲ್ವಾ ಸಾರ್! ನೀವು ಇದನ್ನ ಮುಂಚೆ ಕೇಳಿದ್ರಾ?" ಎಂದಳು.

"ಕೇಳಿದ್ದೆ" ಎಂದರು ಮೇಷ್ಟರು. ಹಾಜರಿ ಪುಸ್ತಕ ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲಿಳಿಯತೊಡಗಿದರು. ಇವನನ್ನು ಮುಗಿಸಬೇಕು ಎಂದು ಅವರು ನಿರ್ಧರಿಸಿದ್ದು ಆ ಮೆಟ್ಟಿಲ ಮೇಲೆ.

ಮುಗಿಸುವುದು ಎಂದರೆ ಕೊಲ್ಲುವುದಲ್ಲ. ಸತ್ತರೆ ಶೋಕಸಭೆ ಮಾಡಿ ಅವನದೇ ವಿಡಿಯೋ ಹಾಕುತ್ತಾರೆ, ಆಗ ಅವನು ಇನ್ನಷ್ಟು ಚಿರಾಯು. ಅವನು ಬದುಕಿರಬೇಕು, ಅವನ ಹೆಸರು ಸಾಯಬೇಕು. ಅವನ ಮುಖ ಪರದೆಯ ಮೇಲೆ ಬಂದರೆ ಹುಡುಗರು ಥೂ ಎನ್ನಬೇಕು, ಕಾಲೇಜು ಆ ವಿಡಿಯೋಗಳನ್ನು ಒಂದೊಂದಾಗಿ ಅಳಿಸಬೇಕು. ಆಮೇಲೆ ಯಾರಾದರೂ ಬಂದು, ಸರ್, ದಯವಿಟ್ಟು ನೀವೇ ತರಗತಿ ತಗೊಳ್ಳಿ ಎಂದು ಮೇಷ್ಟರನ್ನು ಕೇಳಬೇಕು. ಕೇಳಿದ ತಕ್ಷಣ ಒಪ್ಪಬಾರದು ಎಂಬುದನ್ನೂ ಅವರು ಆಗಲೇ ತೀರ್ಮಾನಿಸಿಟ್ಟಿದ್ದರು.

ಕಂಚಿನ ಸೊಕ್ಕೂ ಈ ವರ್ಷ ನೆತ್ತಿಗೇರಿತ್ತು. ಮೊದಲು ದಿನಾ ಬರುತ್ತಿದ್ದವನು ಈಗ ವಾರದಲ್ಲಿ ಕೆಲವೇ ದಿನ ಬರುತ್ತಿದ್ದ. ಹೊಸ ಕನ್ನಡಕ, ಕೊರಳಿಗೊಂದು ಬೂದುಬಣ್ಣದ ಮಫ್ಲರು, ಮೇಜಿನ ಮೇಲೆ ಜವಾನನನ್ನು ಕರೆಯಲು ಹೋಟೆಲಿನಲ್ಲಿರುವಂಥ ಗಂಟೆ. ಮೆಟ್ಟಿಲಲ್ಲಿ ಎದುರಾಗಿ ನಮಸ್ಕಾರ ಎಂದರೆ ತಲೆಯಾಡಿಸಿ ಹೋಗುತ್ತಿದ್ದ. ವಿಭಾಗದ ಸಭೆಗೆ ಬಂದರೆ ಮೂಲೆಯಲ್ಲಿ ಕೂರುತ್ತಿದ್ದ, ಅವನ ಟಿಪ್ಪಣಿಯನ್ನು ಮೇಡಂ ಓದುತ್ತಿದ್ದರು. ಮಿಕ್ಕಿದ್ದೆಲ್ಲ ಫೋನಿನ ಸಂದೇಶದಲ್ಲಿ. ಒಮ್ಮೆ ರಜೆ ಕೇಳಲು ಹೋದ ಮೇಷ್ಟರನ್ನು ಬಾಗಿಲಲ್ಲಿ ಜವಾನನೇ ತಡೆದ.

"ಸಾಹೇಬ್ರು ಮಾತಾಡಲ್ಲ ಸಾರ್. ಬರ್ದು ಕೊಡಿ, ಒಳಗೆ ತಗೊಂಡ್ಹೋಗ್ತೀನಿ."

"ಯಾಕಪ್ಪಾ, ಮಾತಾಡಿದ್ರೆ ಮುತ್ತು ಉದುರುತ್ತಾ?"

ಜವಾನ ತಲೆ ತಗ್ಗಿಸಿ ಒಂದು ಚೀಟಿ, ಪೆನ್ನು ಮುಂದೆ ಹಿಡಿದ. ಮೇಷ್ಟರು ಸ್ಟಾಫ್ ರೂಮಿಗೆ ಬಂದು ಎಲ್ಲರೆದುರಿಗೆ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ಕಂಚು ಬಂಗಾರ ಆಗೋಕೆ ಹೊರಟಿದೆ" ಎಂದರು. ಎಲ್ಲರೂ ನಕ್ಕರು. ಈ ಜೋಕನ್ನಾದರೂ ಅವನು ಕದಿಯಲಾರ ಎಂದು ಮೇಷ್ಟರಿಗೆ ಸ್ವಲ್ಪ ಹಿತವಾಯಿತು.

ಉಪಾಯ ಹೊಳೆದದ್ದು ವಿಡಿಯೋ ನೋಡುತ್ತಿದ್ದಾಗಲೇ. ಸಾಕ್ಷ್ಯದ ಕಾನೂನು ಹೇಳುವವನು ಬಾಯಿ ಬಿಟ್ಟರೆ ಕಳ್ಳರ ಮಾತೇ ಬರುತ್ತದೆ. ಕಂಚಿಗೆ ಅಭಿನಯದ ಚಟ ಬೇರೆ. ಆರೋಪಿಯಂತೆ ಪಿಸುಗುಟ್ಟುತ್ತಾನೆ, ಲಂಚ ಕೊಡುವವನಂತೆ ಹಲ್ಲುಗಿಂಜುತ್ತಾನೆ, ಪಿತೂರಿಗಾರನಂತೆ ದನಿ ತಗ್ಗಿಸುತ್ತಾನೆ. ದಸ್ತಾವೇಜಿನ ಪಾಠದಲ್ಲಿ, "ಪತ್ರಿಕೆ ನನ್ನ ಹತ್ರಾನೇ ಇದೆ" ಎಂದು ಒಬ್ಬ ಹೇಳುತ್ತಾನೆ. ಸಹಾಪರಾಧಿಯ ಪಾಠದಲ್ಲಿ, "ಯಾರ ಹತ್ರಾನೂ ಬಾಯಿ ಬಿಡಬೇಡಿ." ಸಾಕ್ಷ್ಯನಾಶದ ಪಾಠದಲ್ಲಿ, "ಮುಗಿದ ಮೇಲೆ ಸುಟ್ಟುಹಾಕಿ." ಪಾಠದ ಕೊನೆಗೆ ವಿದ್ಯಾರ್ಥಿಗಳಿಗೆ ಕೊಡುವ ಸಲಹೆಯಲ್ಲಿ, "ಕೊನೇ ಎರಡು ಪ್ರಶ್ನೆ ಓದ್ಕೊಂಡು ಬನ್ನಿ, ಸಾಕು." ಇವನ್ನು ಬೇಕಾದ ಹಾಗೆ ಪೋಣಿಸಿದರೆ ಏನಾಗುತ್ತದೆ? ಈ ಸಲದ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯುವವನು ಕಂಚೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಒಂದಕ್ಷರವೂ ಸುಳ್ಳು ಸೃಷ್ಟಿಸಬೇಕಾಗಿರಲಿಲ್ಲ. ಕಂಪ್ಯೂಟರಿಗೆ ಹೇಳಿದರೆ ಯಾರ ದನಿಯನ್ನು ಬೇಕಾದರೂ ಹುಟ್ಟಿಸಿಕೊಡುತ್ತದಂತೆ ಎಂದು ಮೇಷ್ಟರು ಕೇಳಿದ್ದರು. ಯಂತ್ರ ಮಾಡಿದ್ದನ್ನು ಯಂತ್ರವೇ ಹಿಡಿಯುತ್ತದೆ ಎಂಬುದೂ ಗೊತ್ತಿತ್ತು. ಇದು ಅಸಲಿ ಕಂಠ, ಅಸಲಿ ಮಾತು. ಅವನ ಬೆರಳು ತೆಗೆದುಕೊಂಡು ಅವನ ಕಣ್ಣಿಗೇ ಚುಚ್ಚುವುದು ಎಂದರೆ ಇದೇ.

ರೆಕಾರ್ಡಿಂಗ್ ರೂಮಿನ ಬಾಗಿಲ ಮೇಲೆ ಕೆಂಪು ದೀಪ ಹಾಕಿಕೊಂಡು, ಹಾಡುಹಗಲಲ್ಲಿ, ಸಂಬಳ ತೆಗೆದುಕೊಳ್ಳುತ್ತಲೇ ಮೇಷ್ಟರು ಹೊಲಿಗೆಗೆ ಕೂತರು. ಎರಡು ಮಾತಿನ ನಡುವೆ ಬರಿಯ ಮೌನವಿದ್ದರೆ ಪತ್ತೆಯಾಗುತ್ತದೆ, ಅಲ್ಲಿ ಮನುಷ್ಯನ ಉಸಿರು ಇರಬೇಕು. ಉಸಿರಿಗಾಗಿ ಕಸದ ರಾಶಿಯನ್ನು ಕೆದಕಿದರು. ಕೆಮ್ಮು, ಕೆಮ್ಮು, ಬರೀ ಕೆಮ್ಮು. ಒಂದು ಕಡೆ ಕಂಚು ತುಂಬ ಹೊತ್ತು ಸುಮ್ಮನಿದ್ದು, "ಇದೊಂದು ಪಾಠ ಮುಗಿಸಿಬಿಡೋಣ ಸರ್, ನಾಳೆ ಹೇಗೋ ಏನೋ" ಎಂದಿದ್ದ. ಅದನ್ನು ಕತ್ತರಿಸಿದ್ದೂ ಮೇಷ್ಟರಿಗೆ ನೆನಪಿರಲಿಲ್ಲ. ಆ ಮಾತಿನ ಹಿಂದೆ ಒಂದು ಒಳ್ಳೆಯ, ದೀರ್ಘವಾದ ಉಸಿರಿತ್ತು. ಮಾತನ್ನು ಬಿಟ್ಟು ಉಸಿರನ್ನು ತೆಗೆದುಕೊಂಡರು.

ಆ ದಿನಗಳಲ್ಲಿ ಮನೆಯಲ್ಲಿ ಅವರು ಲವಲವಿಕೆಯಿಂದಿದ್ದರು. ಹೆಂಡತಿಗೆ ಆಶ್ಚರ್ಯ. ಬಟ್ಟೆ ಮಡಿಸುತ್ತ, ಗಂಡನ ಮನಸ್ಸು ತಿಳಿಯಾಗಿರುವಾಗಲೇ ಹೇಳಿಬಿಡೋಣ ಎಂದುಕೊಂಡು, "ಅಂದ ಹಾಗೆ, ಮಾರ್ಕೆಟ್ಟಲ್ಲಿ ನಿಮ್ಮ ಹೆಡ್ಡು ಇದಾರಲ್ಲ, ಅವರ ಹೆಂಡ್ತಿ ಸಿಕ್ಕಿದ್ರು. ತುಂಬಾ ಸೊರಗಿದಾರೆ ಪಾಪ. ನನ್ನ ಕೈ ಹಿಡ್ಕೊಂಡು..." ಎಂದಳು.

"ಆ ಮನೆ ಸುದ್ದಿ ಈ ಮನೇಲಿ ಬೇಡ."

"ಅಲ್ಲಾ ರೀ, ಏನಾಗಿದೆ ಅಂತ ಕೇಳಿ ಒಂದ್ನಿಮಿಷ..."

"ಬೇಡ ಅಂದ್ರೆ ಬೇಡ ಕಣೇ. ಅವನ ಹೆಸರೆತ್ತಿದ್ರೆ ಊಟ ಮಾಡದೆ ಎದ್ದುಹೋಗ್ತೀನಿ."

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. "ಎಷ್ಟು ವಿಷ ತುಂಬ್ಕೊಂಡಿದೀರಿ ರೀ ನೀವು" ಎಂದು ಮತ್ತೆ ಮಡಿಸತೊಡಗಿದಳು. ಆಮೇಲೆ ಆ ಮಾತೆತ್ತಲಿಲ್ಲ.

ಸಾಕ್ಷ್ಯದ ಮೇಷ್ಟರಾದ್ದರಿಂದ ಎದುರು ವಕೀಲ ಏನು ಕೇಳಬಹುದೋ ಅದನ್ನೆಲ್ಲ ಮೇಷ್ಟರು ಮೊದಲೇ ಕೇಳಿಕೊಂಡರು. ಇದು ವಿಡಿಯೋದಿಂದ ಎತ್ತಿದ್ದು ಎಂದರೆ? ರೆಕಾರ್ಡಿಂಗ್ ರೂಮಿನಲ್ಲಿ ದನಿ ಮೆತ್ತಗೆ ಬರುತ್ತದೆ, ಗೋಡೆಗಳಿಗೆ ಸ್ಪಂಜು ಹೊದಿಸಿದೆ. ಕಂಚಿನ ಕೋಣೆಯಲ್ಲಿ ಬರಿಯ ಗೋಡೆ, ಕಬ್ಬಿಣದ ಬೀರು, ಟಿಕ್ ಟಿಕ್ ಎನ್ನುವ ಗಡಿಯಾರ. ಆದ್ದರಿಂದ ಹೊಲಿದ ಮಾತನ್ನು ಅವನ ಕೋಣೆಯಲ್ಲೇ, ಅವನು ಕೂರುವ ಕುರ್ಚಿಯಿಂದಲೇ ಸ್ಪೀಕರಿನಲ್ಲಿ ನುಡಿಸಬೇಕು, ಎದುರು ಕುರ್ಚಿಯಲ್ಲಿ ಒಂದು ಹಳೆಯ ಫೋನಿಟ್ಟು ಮತ್ತೆ ಹಿಡಿಯಬೇಕು. ಬಂದವರ್ಯಾರೋ ಕಳ್ಳತನದಿಂದ ರೆಕಾರ್ಡು ಮಾಡಿಕೊಂಡ ಹಾಗೆ ಅದು ಕೇಳಿಸಬೇಕು. ರೆಕಾರ್ಡಿಂಗ್ ರೂಮು ಎನ್ನುವುದು ಕಂಚಿನ ಕೋಣೆಯನ್ನೇ ಪ್ಲೈವುಡ್ಡಿನಿಂದ ಎರಡು ಮಾಡಿ ಕಟ್ಟಿದ್ದು. ನಡುವೆ ಒಂದು ಬಾಗಿಲಿತ್ತು, ಅದರ ಬೀಗದ ಕೈ ಮೇಷ್ಟರ ಜೇಬಿನಲ್ಲಿತ್ತು.

ಇನ್ನು ಎರಡನೆಯ ಪ್ರಶ್ನೆ, ಎಲ್ಲಕ್ಕಿಂತ ದೊಡ್ಡದು. ಇದು ಯಾವಾಗಲೋ ಹಳೆಯದು ಎಂದರೆ? ಯಾವುದೋ ವರ್ಷ, ಯಾವುದೋ ತಮಾಷೆ ಎಂದು ತೇಲಿಸಿಬಿಟ್ಟರೆ? ದಿನಾಂಕವಿಲ್ಲದ ಸಾಕ್ಷ್ಯ ಬೇರಿಲ್ಲದ ಗಿಡ ಎಂದು ಅವರೇ ಪಾಠ ಹೇಳುತ್ತಿದ್ದರು. ಇದಕ್ಕೆ ಕಂಡುಕೊಂಡ ಉತ್ತರಕ್ಕೆ ಮೇಷ್ಟರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ದಿನಾ ಊಟದ ಬಿಡುವಿನಲ್ಲಿ ಕಚೇರಿಯವರು ಧ್ವನಿವರ್ಧಕದಲ್ಲಿ ಆ ದಿನದ ಪ್ರಕಟಣೆ ಓದುತ್ತಾರೆ, ಎಲ್ಲ ಕೋಣೆಗಳಲ್ಲೂ ಅದು ಕೇಳುತ್ತದೆ. ಪ್ರಕಟಣೆ ಬರುವ ಹೊತ್ತಿಗೇ ಸ್ಪೀಕರು ನುಡಿಸಿದರೆ ಹಿನ್ನೆಲೆಯಲ್ಲಿ ಅದೂ ದಾಖಲಾಗುತ್ತದೆ. ಆ ದಿನವನ್ನು ಆ ಮಾತಿಗೆ ಮೊಳೆ ಹೊಡೆದಂತೆ ಕೂರಿಸಬಹುದು.

ಕಂಚು ಊಟದ ಹೊತ್ತಿನಲ್ಲಿ ಇರುವುದಿಲ್ಲ ಎಂಬುದೂ ಅನುಕೂಲವೇ ಆಯಿತು. ಅವನನ್ನು ಹೆಂಡತಿಯೇ ಕಾರಿನಲ್ಲಿ ಬಂದು ಮನೆಗೆ ಕರೆದೊಯ್ಯುತ್ತಿದ್ದಳು, ಶಾಲೆಯಿಂದ ಮಗುವನ್ನು ಕರೆದುಕೊಂಡು ಹೋದ ಹಾಗೆ. ಹಿಂದಿನ ಮೆಟ್ಟಿಲಿಂದ ಇಳಿಯುತ್ತಿದ್ದ, ಹಿಂದಿನ ಮೆಟ್ಟಿಲಿಂದ ಹತ್ತುತ್ತಿದ್ದ. ಯಾರೊಡನೆಯೂ ಕೂತು ಉಣ್ಣಲಾರದಷ್ಟು ದೊಡ್ಡವನಾಗಿದ್ದ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿದ್ದೆ ಎಂದು ಅವನು ಹೇಳಬಹುದು, ಹೆಂಡತಿ ಹೌದು ಎನ್ನಬಹುದು. ಗಂಡನನ್ನು ಉಳಿಸಲು ಹೆಂಡತಿ ಹೇಳುವ ಸಾಕ್ಷಿಗೆ ಎಷ್ಟು ತೂಕ ಎಂದು ಮೇಷ್ಟರು ಎಷ್ಟೋ ವರ್ಷ ಪಾಠ ಮಾಡಿದ್ದರು.

ಗುರುವಾರ ಆರಿಸಿಕೊಂಡರು. ಕಾರು ಹೊರಟಿದ್ದನ್ನು ಕಿಟಕಿಯಿಂದ ನೋಡಿ, ನಡುಬಾಗಿಲು ತೆಗೆದು, ಕಂಚಿನ ಕುರ್ಚಿಯ ಮೇಲೆ ಪುಸ್ತಕ ಪೇರಿಸಿ, ಬಾಯಿಯ ಎತ್ತರಕ್ಕೆ ಸ್ಪೀಕರು ಇಟ್ಟರು. ಮೇಜಿನ ಮೇಲೆ ಒಂದು ಪೊಟ್ಟಣ ಹತ್ತಿ, ಮುಚ್ಚಳವಿದ್ದ ಲೋಟ, ಬರೆದು ಒರೆಸುವ ಪುಟ್ಟ ಹಲಗೆ. ಮಕ್ಕಳಾಟಿಕೆ ಎಂದುಕೊಂಡು ಅವನ್ನು ಪಕ್ಕಕ್ಕೆ ಸರಿಸಿದರು. ಪ್ರಕಟಣೆ ಶುರುವಾಯಿತು: ಎರಡನೇ ವರ್ಷದವರ ಅಣಕು ನ್ಯಾಯಾಲಯದ ಸ್ಪರ್ಧೆಯನ್ನು ಮುಂದಿನ ವಾರಕ್ಕೆ ಹಾಕಲಾಗಿದೆ. ಬೇಡಿಕೊಂಡರೂ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ. ಈ ಪ್ರಕಟಣೆ ಇನ್ನೊಂದು ದಿನ ಬರುವುದು ಸಾಧ್ಯವೇ ಇಲ್ಲ. ಮೇಷ್ಟರು ಗುಂಡಿ ಒತ್ತಿದರು. ಖಾಲಿ ಕುರ್ಚಿಯಿಂದ ಕಂಚಿನ ಕಂಠ ಮೆಲ್ಲಗೆ ಮಾತಾಡಿತು.

"ಪತ್ರಿಕೆ ನನ್ನ ಹತ್ರಾನೇ ಇದೆ. ಕೊನೇ ಎರಡು ಪ್ರಶ್ನೆ ಓದ್ಕೊಂಡು ಬನ್ನಿ, ಸಾಕು. ಯಾರ ಹತ್ರಾನೂ ಬಾಯಿ ಬಿಡಬೇಡಿ. ಮುಗಿದ ಮೇಲೆ ಸುಟ್ಟುಹಾಕಿ."

ಮೇಷ್ಟರ ಮೈ ಜುಮ್ಮೆಂದಿತು. ಈ ವರ್ಷವಿಡೀ ಆ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ. ಪುಸ್ತಕ, ಲೋಟ, ಹಲಗೆ ಎಲ್ಲವನ್ನೂ ಇದ್ದಲ್ಲಿಗೇ ಇಟ್ಟು ಬಾಗಿಲು ಹಾಕಿಕೊಂಡರು. ಮಾತನ್ನು ಒಂದು ಚಿಕ್ಕ ಮೆಮೊರಿ ಕಾರ್ಡಿಗೆ ಹಾಕಿ, ಹೆಸರಿಲ್ಲದ ಲಕೋಟೆಯಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಟಪಾಲು ಪೆಟ್ಟಿಗೆಗೆ ಸೇರಿಸಿದರು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಈ ವರ್ಷವಷ್ಟೇ ಬಂದವರು, ಕಂಚಿನ ಗುಣಗಾನ ಇನ್ನೂ ಕಿವಿಗೆ ಬೀಳದವರು. ಫೋನು, ಸ್ಪೀಕರು ಎರಡೂ ಸಂಜೆ ಸೇತುವೆ ಮೇಲಿಂದ ನೀರಿಗೆ ಹೋದವು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಮುಂದಿನ ವಾರವೇ ವಿಚಾರಣೆ ಎಂದು ಸುದ್ದಿ ಬಂತು. ಇನ್ನೂ ಸಿಹಿಯಾದ ಸುದ್ದಿಯನ್ನು ಮೇಡಂ ತಾವೇ ಫೋನು ಮಾಡಿ ಹೇಳಿದರು. "ಒಂದು ರೆಕಾರ್ಡಿಂಗ್ ಬಂದಿದೆ ಸರ್. ಅಸಲಿನೋ ನಕಲಿನೋ ನೋಡಿ ಹೇಳಬೇಕು. ಈ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಮೇಷ್ಟರು ಒಂದು ಸಲ ಬೇಡವೆಂದು, ಆಮೇಲೆ ಕಾಲೇಜಿನ ಹಿತಕ್ಕಾಗಿ ಒಪ್ಪಿಕೊಂಡರು.

ವಿಚಾರಣೆ ನಡೆದದ್ದು ಅಣಕು ನ್ಯಾಯಾಲಯದ ಹಳೆಯ ಕೋಣೆಯಲ್ಲಿ. ವೇದಿಕೆಯ ಮೇಲೆ ಅಧ್ಯಕ್ಷರು, ಪಕ್ಕದಲ್ಲಿ ಮೇಡಂ, ಹಿಂದೆ ಕಪ್ಪುಹಲಗೆ. ಕಂಚು ಬದಿಯ ಕುರ್ಚಿಯಲ್ಲಿ, ಅದೇ ಬೂದುಬಣ್ಣದ ಮಫ್ಲರು ಸುತ್ತಿಕೊಂಡು, ಕೈಕಟ್ಟಿ ಕೂತಿದ್ದ. ಮುಖ ಇಳಿದಿತ್ತು. ರೆಕಾರ್ಡಿಂಗ್ ಹಾಕಿದರು. ತನ್ನದೇ ದನಿ ಕೋಣೆಯನ್ನು ತುಂಬಿದಾಗ ಕಂಚು ಕಣ್ಣು ಮುಚ್ಚಿಕೊಂಡ, ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಕಣ್ಣೀರೇ ಸುರಿಸುತ್ತಿದ್ದಾನಲ್ಲ ಎಂದು ಮೇಷ್ಟರ ಹೊಟ್ಟೆ ತಣ್ಣಗಾಯಿತು.

"ಏನನ್ಸುತ್ತೆ ಮೇಷ್ಟ್ರೇ?" ಎಂದರು ಅಧ್ಯಕ್ಷರು. "ಕತ್ತರಿಸಿ ಅಂಟಿಸಿದ ಹಾಗಿದೆಯಾ?"

"ಇಲ್ಲ ಸರ್. ಉಸಿರು ಕೂಡ ಅವರದೇ. ಒಂದೇ ಕೋಣೆಯಲ್ಲಿ, ಒಂದೇ ಓಟದಲ್ಲಿ ಹಿಡಿದದ್ದು. ಹಿಂದೆ ಗಡಿಯಾರ ಕೇಳಿಸುತ್ತೆ ನೋಡಿ, ಅದು ಅವರ ಕೋಣೆಯದೇ."

"ಹಳೇದಿರಬಹುದಾ?"

ಈ ಪ್ರಶ್ನೆಗಾಗಿಯೇ ಮೇಷ್ಟರು ಕಾದಿದ್ದರು. "ಸಾಧ್ಯವಿಲ್ಲ ಸರ್. ಆ ಪ್ರಕಟಣೆ ಕೇಳಿ. ಹೋದ ಗುರುವಾರ ಊಟದ ಬಿಡುವಿನಲ್ಲಿ ಓದಿದ್ದು. ಅವತ್ತೇ ಆಡಿದ ಮಾತು ಇದು. ಬೇಕಾದರೆ ಬರೆದು ಸಹಿ ಮಾಡಿಕೊಡ್ತೀನಿ."

"ಮಾಡಿಕೊಡಿ" ಎಂದು ಅಧ್ಯಕ್ಷರು ಕಾಗದ ಮುಂದೆ ತಳ್ಳಿದರು. ಮೇಷ್ಟರು ದುಂಡಗೆ ಬರೆಯುತ್ತಿರುವಾಗ ಮತ್ತೆ ಕೇಳಿದರು. "ಅವರ ಪಾಠಗಳ ಮೂಲ ರೆಕಾರ್ಡಿಂಗು, ಕತ್ತರಿಸದೇ ಇರೋದು, ಅದು ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಮಾತ್ರ ಸರ್. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ಪಕ್ಕದ ಕೋಣೆಯ ಬಾಗಿಲು?"

"ಅದರ ಬೀಗದ ಕೈಯೂ ನನ್ನ ಜೇಬಲ್ಲೇ ಇರುತ್ತೆ. ಬೇರೆಯವರು ಕೈಯಾಡಿಸೋಕೆ ಅವಕಾಶವೇ ಇಲ್ಲ" ಎಂದು ಮೇಷ್ಟರು ಸಹಿ ಹಾಕಿ, ಕೆಳಗೆ ಎರಡು ಗೆರೆ ಎಳೆದರು. ಅಧ್ಯಕ್ಷರು ಅದನ್ನು ಎರಡು ಸಲ ಓದಿ, ಮಡಿಸಿ, ಕಿಸೆಯಲ್ಲಿಟ್ಟುಕೊಂಡರು.

ಆಮೇಲೆ ಅವರು ಕಂಚಿನತ್ತ ತಿರುಗಿ, "ನೀವೇನಾದರೂ ಹೇಳೋದಿದೆಯಾ?" ಎಂದರು, ಹೇಳಲಾರರೆಂದು ತಿಳಿದವರ ಮೆಲುದನಿಯಲ್ಲಿ. ಕಂಚು ಎದ್ದು ನಿಂತು ಮಫ್ಲರನ್ನು ಒಂದೊಂದೇ ಸುತ್ತು ಬಿಚ್ಚಿದ. ಕೊರಳಿನ ಬುಡದಲ್ಲಿ, ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಒಂದು ತೂತಿತ್ತು, ಉಸಿರು ಅಲ್ಲಿಂದ ಹೋಗಿ ಬರುತ್ತಿತ್ತು. "ಹೋದ ರಜೆಯಲ್ಲೇ ಧ್ವನಿಪೆಟ್ಟಿಗೆ ತೆಗೆದುಬಿಟ್ರು ಸರ್" ಎಂದರು ಮೇಡಂ, ಮೇಷ್ಟರ ಮುಖ ನೋಡುತ್ತ. "ದನಿ ಹೋಗುತ್ತೆ ಅಂತ ಗೊತ್ತಾದ ದಿನದಿಂದ ಎಲ್ಲಾ ಪಾಠ ಹೇಳಿಡ್ತಾ ಹೋದ್ರು. ಹೋದ ಗುರುವಾರ ಇರಲಿ, ಈ ವರ್ಷದಲ್ಲೇ ಅವರ ಬಾಯಿಂದ ಒಂದಕ್ಷರ ಬಂದಿಲ್ಲ. ಕರುಣೆ ಬೇಡ, ಯಾರಿಗೂ ಹೇಳಬೇಡಿ ಅಂದಿದ್ರು, ನಿಮ್ಮೊಬ್ಬರನ್ನ ಬಿಟ್ಟು. ನಿಮಗೆ ತಿಳಿಸಲಿ ಅಂತ ಅವರ ಮನೆಯವರು ನಿಮ್ಮ ಮನೆಯವರ ಹತ್ರ ಹೇಳಿದ್ರಂತಲ್ಲ?" ಮೇಷ್ಟರ ಕಿವಿಯಲ್ಲಿ ಕಸದ ರಾಶಿಯ ಕೆಮ್ಮುಗಳೆಲ್ಲ ಒಟ್ಟಿಗೆ ಎದ್ದವು. ಏನು ಹೇಳುತ್ತಿದ್ದೇನೆಂಬ ಅರಿವಿಲ್ಲದೆಯೇ ಅವರ ಬಾಯಿಂದ, "ಇದನ್ನ... ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂಬ ಮಾತು ಹೊರಬಿತ್ತು. ಕಂಚು ಕಪ್ಪುಹಲಗೆಯ ಬಳಿ ಹೋಗಿ, ಒಂದು ಚೂರು ಸೀಮೆಸುಣ್ಣ ಎತ್ತಿಕೊಂಡು, ಹಿಂದಿನ ಬೆಂಚಿಗೂ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದರು: ಯಾರೂ ಕೇಳಲಿಲ್ಲ ಸ್ವಾಮಿ.